ಬಾಳಮ್ಮ ಹೂಳಿದ ಗಡಿಗೆಗಳು

ಕರಜಗಿಯ ಕಿರಾಣಿ ವ್ಯಾಪಾರಿ ರೇವಣಪ್ಪನ ಮನೆಗೆ ಬಂದವರು ಕಾಲು ತೊಳೆಯಲು ಹಿತ್ತಲಿಗೇ ಹೋಗಬೇಕಿತ್ತು. ಯಾರು ಯಾವ ಗಿಡದ ಬುಡದಲ್ಲಿ ನಿಲ್ಲಬೇಕೆಂಬುದನ್ನು ಅವನ ಹೆಂಡತಿ ಬಾಳಮ್ಮನೇ ಹೇಳುವಳು. ಅಳಿಯ ಬಂದರೆ ಕರಿಬೇವು, ಬೀಗರು ಬಂದರೆ ನುಗ್ಗೆ. ನಾಲ್ಕು ದಿನ ಉಳಿಯಲು ಬಂದ ನೆಂಟರಿಗೆ ಬದನೆಯ ಸಾಲು ಮೀಸಲು. ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಟ್ಟರೆ ಹಾಕಿದ ನೀರೆಲ್ಲ ಪಾತಾಳಕ್ಕೆ ಇಳಿಯುತ್ತದೆಂದು, ಬೆಳಗಾಗುತ್ತಲೇ ಕುರ್ಪಿ ಹಿಡಿದು ಬಿರುಕು ಮುಚ್ಚಿ, ಮೇಲೆ ಶೇಂಗಾ ಸಿಪ್ಪೆ ಹರವುವಳು. ತಕ್ಕಡಿಯ ವಿಷಯದಲ್ಲಿ ಗಂಡ ಎಷ್ಟು ಬಿಗಿಯೋ, ನೀರಿನ ವಿಷಯದಲ್ಲಿ ಆಕೆಯೂ ಅಷ್ಟೇ ಬಿಗಿ. ಹೀಗಾಗಿ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಜರ್ಮನಿಯ ಲಡಾಯಿಯಿಂದ ಸೀಮೆಎಣ್ಣೆ ಸಿಗದಂತಾದ ವರ್ಷ, ಇನ್ನು ದೀಪಕ್ಕೆ ಕುಸುಬೆ ಎಣ್ಣೆಯೇ ಗತಿ, ಮುಂದೆ ಧಾರಣೆ ಏರುತ್ತದೆಂದು ರೇವಣಪ್ಪ ಕುಸುಬೆ ಕೊಂಡು ಕೊಂಡು ಒಟ್ಟಿದ. ಅಂಗಡಿ ತುಂಬಿತು, ಪಡಸಾಲೆ ತುಂಬಿತು. ಆಮೇಲೆ ಅವನ ಕಣ್ಣು ಹಿತ್ತಲಿನ ಮೇಲೆ ಬಿತ್ತು.

"ಮಿರಗದ ಮಳಿಗಿ ಮುಂಚೆ ಚೀಲಕ್ಕ ಚಪ್ಪರ ಹಾಕಬೇಕು. ಹಿತ್ತಲ ಖಾಲಿ ಮಾಡು."

"ಗಿಡ ಕಾಣವಲ್ಲವೇನ್ರಿ ನಿಮಗ?"

"ಬಾವಿ ತಳಾ ಕಂಡದ. ನಿನ್ನ ಗಿಡ ಹೆಂಗೂ ಒಣಗತಾವ. ಒಣಗೋ ಮಾಲಿಗಿ ಜಾಗಾ ಯಾಕ?"

"ಒಣಗಲಿಲ್ಲಂದ್ರ?"

ವ್ಯಾಪಾರಿಗೆ ಇಂಥ ಪ್ರಶ್ನೆ ಕೇಳಬಾರದು. ಕೂಡಲೇ ಸೌದಾ ಎನ್ನುತ್ತಾನೆ. ಮಿರಗಕ್ಕೆ ಮುಂಚಿನ ರೋಹಿಣಿ ಮಳೆ ಕೂಡುವ ದಿನದವರೆಗೆ ಗಿಡಗಳು ಹಸಿರಾಗಿದ್ದರೆ ಹಿತ್ತಲು ಬಾಳಮ್ಮನದು, ಒಣಗಿದರೆ ಕುಸುಬೆಯದು. ಗಿಡಕ್ಕೆಂದು ಬಾವಿಯಿಂದ ಒಂದು ತಂಬಿಗೆ ನೀರನ್ನೂ ಸೇದಬಾರದು. ಪಕ್ಕದ ಅಂಗಡಿಯ ಬಟ್ಟೆ ವ್ಯಾಪಾರಿ ಜಹೀರುದ್ದೀನ ಇಬ್ಬರಿಗೂ ಬೇಕಾದವನು. ಅವನನ್ನು ಗವಾಹಿ ಹೇಳುವ ಸಾಕ್ಷಿಯಾಗಿ ಕರೆದು ಮಾತು ಗಟ್ಟಿ ಮಾಡಿಕೊಂಡರು.

ಬಾಳಮ್ಮನಿಗೆ ತವರುಮನೆ ನೆನಪಾಯಿತು. ಅಂದೋಲಾದಲ್ಲಿ ಆಕೆಯ ಅವ್ವ ಹೂವಿನ ಗಿಡಗಳ ಮಗ್ಗುಲಲ್ಲಿ ಗಡಿಗೆ ಹೂಳಿ, ಕತ್ತಿನವರೆಗೆ ಮಣ್ಣು ಮುಚ್ಚಿ, ನೀರು ತುಂಬಿಡುತ್ತಿದ್ದಳು. ನೀರು ಗಡಿಗೆಯ ಮೈಯಿಂದ ಜಿನುಗಿ ಬೇರಿಗಷ್ಟೇ ತಾಗುವುದು, ಬಿಸಿಲಿಗೆ ಸಿಗದು. ಗಡಿಗೆ ಕೇಳಿದಾಗ ರೇವಣಪ್ಪ ಅಂಗಡಿಯ ಹಿಂದೆ ಬಿದ್ದಿದ್ದ ಹಳೆಯ ಗಡಿಗೆಗಳನ್ನು ತಾನೇ ಹೊತ್ತು ತಂದುಕೊಟ್ಟ. ತೂಕದಲ್ಲಿ ಒಂದು ಕಾಳು ಹೆಚ್ಚು ಬೀಳಗೊಡದವನು ಇಷ್ಟು ಧಾರಾಳಿಯಾದಾಗಲೇ ಆಕೆ ಅನುಮಾನಪಡಬೇಕಿತ್ತು. ಪಡಲಿಲ್ಲ. ಅವನ್ನು ಗಿಡಗಳ ಮಗ್ಗುಲಲ್ಲಿ ಹೂಳಿ, ಸ್ನಾನದ ನೀರು, ಬೇಳೆ ತೊಳೆದ ನೀರು ಎಲ್ಲವನ್ನೂ ಬಟ್ಟೆಯಲ್ಲಿ ಸೋಸಿ ತುಂಬಿ, ಮೇಲೆ ಒಡೆದ ಮಡಕೆಯ ಬೋಕಿ ಮುಚ್ಚಿದಳು.

ಮರುದಿನ ನೋಡಿದರೆ ಗಡಿಗೆಗಳು ತುಂಬಿದಂತೆಯೇ ಇದ್ದವು. ಅದರ ಮರುದಿನವೂ ಅಷ್ಟೇ.

"ಗಿಡ ಎಷ್ಟು ಹಿಡತದಾಗ ಕುಡೀತಾವ ನೋಡ್ರಿ," ಎಂದು ಗಂಡನಿಗೆ ಹೆಮ್ಮೆಯಿಂದ ತೋರಿಸಿದಳು.

"ನಿನ್ನ ಕೈಯಾಗ ಬೆಳದಾವಲ್ಲ," ಎಂದು ರೇವಣಪ್ಪ ನಗದೆ ಹೇಳಿದ.

ವಾರ ಕಳೆಯುವುದರೊಳಗೆ ಬದನೆಯ ಎಲೆ ಜೋತುಬಿತ್ತು. ನಿಂಬೆ ಗಿಡ ಎಳೆಗಾಯಿ ಉದುರಿಸತೊಡಗಿತು. ನೀರು ಉಳಿದಿದೆ, ಗಿಡ ಉಳಿಯುತ್ತಿಲ್ಲ. ಇದೆಂಥ ಉಳಿತಾಯವೆಂದು ಬಾಳಮ್ಮ ಬೋಕಿ ಸರಿಸಿ ಗಡಿಗೆಯೊಳಗೆ ಕೈ ಹಾಕಿ ಸುತ್ತ ಸವರಿದಳು. ಅಂಗೈ ಜಿಡ್ಡಾಯಿತು. ಮೂಸಿ ನೋಡಿದರೆ ಕುಸುಬೆ ಎಣ್ಣೆ. ವರ್ಷಗಟ್ಟಲೆ ಎಣ್ಣೆ ಕುಡಿದ ಮಣ್ಣು ತನ್ನ ತೂತುಗಳನ್ನೆಲ್ಲ ಮುಚ್ಚಿಕೊಂಡು ಕೂತಿತ್ತು.

"ಯಾಕ್ರಿ, ಎಣ್ಣಿ ಗಡಿಗಿ ನೀರು ಬಿಡಂಗಿಲ್ಲಂತ ನಿಮಗ ಗೊತ್ತಿತ್ತೇನು?"

"ನೀ ಕೇಳಿದ್ದು ಗಡಿಗಿ. ಜಿನುಗೋದರ ಮಾತು ಆಡಿದ್ದಿಲ್ಲ."

ಬಾಳಮ್ಮ ಸೆರಗು ಸಿಕ್ಕಿಸಿಕೊಂಡು ಕುಂಬಾರ ಓಣಿಯ ಮಲ್ಕಮ್ಮನ ಮನೆಗೆ ನಡೆದಳು.

"ಸರಿಯಾಗಿ ಬೇಯದ ಗಡಿಗಿ ಅದಾವೇನು ಬೇ? ನೀರು ಸೋರ್ತಿರಬೇಕು."

ಮಲ್ಕಮ್ಮ ಕೆಲಸ ಬಿಟ್ಟು ನೋಡಿದಳು. "ಸೋರ್ತಾವಂತ ಮಂದಿ ತಿರುಗಿ ತಂದು ನನ್ನ ಬೈದು ಹೋಗ್ತಾರ. ನೀ ಹುಡಿಕ್ಕೊಂಡು ಬಂದೀದಿ. ಬಿಸಲು ತಲಿಗಿ ಏರ್ಯಾದೇನು?"

"ಏರ್ಯಾದ. ಅದಕ್ಕಂತ ಕೇಳಾಕತ್ತೇನಿ, ಕೊಡು."

ಮೂಲೆಯಲ್ಲಿ ಬಿದ್ದಿದ್ದವೆಲ್ಲ ಹಿತ್ತಲಿಗೆ ಬಂದವು. ಬದನೆ ಬಿಟ್ಟ ಮೇಲೆ ಒಂದು ಬುಟ್ಟಿ ಕಾಯಿ ಮಲ್ಕಮ್ಮನಿಗೆಂದು ಮಾತಾಯಿತು. ಈ ಸಲ ಸಂಜೆ ತುಂಬಿದ ಗಡಿಗೆ ಬೆಳಗಾಗುವಷ್ಟರಲ್ಲಿ ಅರ್ಧಕ್ಕಿಳಿದಿತ್ತು. ಜೀವಮಾನವಿಡೀ ಉಳಿಸಿ ಬಂದವಳಿಗೆ ಬರಿದಾಗುವ ಪಾತ್ರೆ ಕಂಡು ಸಂತೋಷಪಡುವುದು ಸುಲಭವಲ್ಲ. ಆದರೆ ನಿಂಬೆ ಗಿಡ ಕಾಯಿ ಉದುರಿಸುವುದನ್ನು ನಿಲ್ಲಿಸಿದಾಗ ಆ ಸಂತೋಷವೂ ತಾನಾಗಿ ಬಂತು.

ರೋಹಿಣಿ ಕೂಡಿದ ದಿನ ಜಹೀರುದ್ದೀನ ಬಂದ. ಎಲೆ ಮುಟ್ಟಿದ, ಮಣ್ಣು ಕೆದರಿದ, ದೊಡ್ಡ ಅಗಲದ ಬಟ್ಟೆ ಪರೀಕ್ಷಿಸುವವನಂತೆ ಕಣ್ಣು ಕಿರಿದು ಮಾಡಿ ನಿಂತ. ಎಲ್ಲ ಹಸಿರಾಗಿತ್ತು, ಬದನೆಯ ಎರಡು ಗಿಡ ಬಿಟ್ಟು.

"ಒಣಗ್ಯಾವ ನೋಡು," ಎಂದು ರೇವಣಪ್ಪ ಅವನ್ನೇ ಹಿಡಿದ. "ಮಾತು ಮಾತೇ."

"ಸಾವ್ಕಾರ, ನಿಮ್ಮ ಜ್ವಾಳದ ಚೀಲದಾಗ ಎರಡು ಹಳ್ಳು ಸಿಕ್ಕರ ಅದು ಜ್ವಾಳದ ಚೀಲೋ, ಹಳ್ಳಿನ ಚೀಲೋ?"

ಕಲ್ಲುಹಳ್ಳಿನ ಚೀಲ ಎಂದರೆ ಆ ಮಾತು ಊರ ಗಿರಾಕಿಗಳ ಕಿವಿಗೆ ಬೀಳುವುದು ತಡವಾಗುತ್ತಿರಲಿಲ್ಲ. ರೇವಣಪ್ಪ ಲೆಕ್ಕ ಹಾಕಿದ.

"ಜ್ವಾಳದ್ದು," ಎಂದ.

"ಹಂಗಾದ್ರ ಹಿತ್ತಲ ಅಕ್ಕಂದು."

"ನನ್ನ ಕುಸುಬಿ?"

ಬಾಳಮ್ಮ ನಿಂಬೆ ಹರಿಯುತ್ತಲೇ ಹೇಳಿದಳು: "ಲಡಾಯಿ ಮುಗಿಯೋತನ ಸಾಬರಿಗೆ ಬಟ್ಟಿ ಬರಂಗಿಲ್ಲ. ಅವರ ಅಂಗಡಿ ಹಿಂದಿನ ಖೋಲ್ಯಾಗ ಬರೇ ಇಲಿ ಓಡ್ಯಾಡಾಕತ್ತಾವ."

"ಅಕ್ಕ, ನಾ ಗವಾಹಿ ಹೇಳಾಕ ಬಂದವ."

"ಹೇಳೀರಲ್ಲ. ಇನ್ನ ಕೀಲಿ ಕೊಡ್ರಿ."

ಜಹೀರುದ್ದೀನ ಗೆಳೆಯನ ಮುಖ ನೋಡಿದ. ಗೆಳೆಯ ಆಗಲೇ ಖೋಲಿಯ ಅಗಲವನ್ನು ಮನಸ್ಸಿನಲ್ಲೇ ಅಳೆಯುತ್ತಿದ್ದ. ಬಾಳಮ್ಮ ಕೊಟ್ಟ ನಿಂಬೆಹಣ್ಣುಗಳನ್ನು ರುಮಾಲಿನಲ್ಲಿ ಕಟ್ಟಿಕೊಂಡು, ಕೀಲಿ ಕೊಟ್ಟು, ಜಹೀರುದ್ದೀನ ಮನೆಯ ದಾರಿ ಹಿಡಿದ. ರೇವಣಪ್ಪ ಕುಸುಬೆ ಚೀಲಗಳಿಗೆ ಬಂಡಿ ಕರೆಯಲು ಹೋದ. ಬಾಳಮ್ಮ ಒಣಗಿದ ಎರಡು ಬದನೆ ಗಿಡಗಳನ್ನು ಕಿತ್ತು, ಆ ಜಾಗದಲ್ಲಿ ಹೀರೆಯ ಬೀಜ ಊರಿದಳು.