ನಲವತ್ತೊಂದನೆಯ ನಂಬರಿನ ಖಾಕಿ ಪುಸ್ತಕ

ಜೂನ್ ತಿಂಗಳು ಬಂತೆಂದರೆ ನನ್ನ ಬೆರಳುಗಳಿಗೆ ಮೈದಾ ಹಿಟ್ಟಿನ ಅಂಟಿನ ವಾಸನೆ ಹತ್ತಿಕೊಳ್ಳುತ್ತದೆ. ಧಾರವಾಡದ ಅಂಚಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವ ಅಕ್ಕೋರು ನಾನು. ಕಲಿಸುವುದಕ್ಕೂ ಮೊದಲು ಕಪಾಟಿನ ಕಥೆಪುಸ್ತಕಗಳಿಗೆಲ್ಲ ಖಾಕಿ ಕಾಗದದ ಹೊದಿಕೆ ಹಾಕಿ, ಚಿತ್ರವೂ ಹೆಸರೂ ಕಾಣದಂತೆ ಮುಚ್ಚಿ, ಮೇಲೊಂದು ನಂಬರು ಬರೆಯಬೇಕು. ಯಾಕೆ ಅಂತೀರಾ? ಬಣ್ಣದ ಚಿತ್ರ ಕಂಡರೆ ಮಕ್ಕಳು ಅದೊಂದಕ್ಕೇ ಬಡಿದಾಡುತ್ತಾರೆ, ಎಲ್ಲ ಪುಸ್ತಕಗಳೂ ಒಂದೇ ಸಮನಾಗಿ ಕಂಡರೆ ಎಲ್ಲವನ್ನೂ ಒಂದೇ ಸಮನಾಗಿ ಓದುತ್ತಾರೆ ಎಂಬುದು ನಮ್ಮ ಹೆಡ್‌ಮಾಸ್ತರರ ಸಿದ್ಧಾಂತ. ಆದದ್ದೇನೆಂದರೆ, ಮಕ್ಕಳು ಯಾವುದನ್ನೂ ಓದದೆ ಸಮಾನತೆಯನ್ನು ಕಾಪಾಡಿಕೊಂಡು ಬಂದರು.

ಮಕ್ಕಳಿಗಾಗಿ ನಾವು ದೊಡ್ಡವರು ಪುಸ್ತಕ ಆರಿಸುವ ಪರಿಯನ್ನು ನೀವೊಮ್ಮೆ ನೋಡಬೇಕು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲಾದರೂ ತಿರುಗಿಸಿ, ತೊಟ್ಟು ನೋಡಿ, ಮನೆಯಲ್ಲಿ ಯಾರಿಗೆ ಎಣ್ಣೆಗಾಯಿ ಸೇರುತ್ತದೆಂದು ನೆನೆದು ಚೀಲಕ್ಕೆ ಹಾಕುತ್ತೇವೆ. ಪುಸ್ತಕಕ್ಕೆ ಅಷ್ಟೂ ಯೋಗವಿಲ್ಲ. ನಮ್ಮ ಆಯ್ಕೆ ಸಮಿತಿಯಲ್ಲಿ ಮೂವರು: ಹೆಡ್‌ಮಾಸ್ತರರು, ಡ್ರಿಲ್ ಮಾಸ್ತರರು ಮತ್ತು ನಾನು. ಡ್ರಿಲ್ ಮಾಸ್ತರರು ಪುಸ್ತಕವನ್ನು ಎರಡೂ ರಟ್ಟು ಹಿಡಿದು ಜಗ್ಗಿ, ಹೊಲಿಗೆ ಗಟ್ಟಿಯಿದ್ದರೆ ತಲೆಯಾಡಿಸುತ್ತಾರೆ. ಹೆಡ್‌ಮಾಸ್ತರರು ನೇರವಾಗಿ ಕೊನೆಯ ಪುಟಕ್ಕೆ ಹೋಗುತ್ತಾರೆ, ಅಲ್ಲಿ ನೀತಿ ಇದ್ದರೆ ಪುಸ್ತಕ ಪಾಸು.

“ನಡುವ ಏನರ ಇರ್ಲಿ ಬಿಡ್ರಿ ಅಕ್ಕೋರ, ಕಡೀಕ ನೀತಿ ಇರಬೇಕು,” ಎನ್ನುತ್ತಾರೆ. ಹೀಗಾಗಿ ನಮ್ಮ ಕಪಾಟಿನಲ್ಲಿ ಮಹಾಪುರುಷರೇ ತುಂಬಿಕೊಂಡರು. ಹುಟ್ಟಿದಾಗಿನಿಂದ ಸುಳ್ಳು ಹೇಳದವರು, ಹಸಿವಾದರೂ ಊಟ ಕೇಳದವರು, ಆಟಕ್ಕೆ ಕರೆದರೆ ಪಾಠ ಬಾಕಿ ಇದೆ ಎಂದವರು. ಇಂಥ ಮಗು ನಿಜವಾಗಿ ನಮ್ಮ ಮನೆಯಲ್ಲಿದ್ದರೆ ಅಂಜಿ ಡಾಕ್ಟರರ ಬಳಿ ಕರೆದೊಯ್ಯುತ್ತಿದ್ದೆವು. ಬೆಳಿಗ್ಗೆ ಪತ್ರಿಕೆ ಬಂದೊಡನೆ ಸಂಪಾದಕೀಯ ದಾಟಿ ವ್ಯಂಗ್ಯಚಿತ್ರ ಹುಡುಕುವ ಇದೇ ಹೆಡ್‌ಮಾಸ್ತರರು ಮಕ್ಕಳಿಗೆ ಮಾತ್ರ ಬರಿಯ ಸಂಪಾದಕೀಯ ಬಡಿಸುತ್ತಾರಲ್ಲ ಎಂದು ನನಗೆ ಸೋಜಿಗ.

ಅಂಥ ಕಪಾಟಿನೊಳಗೆ ಹೋದ ವರ್ಷ ನಾನೊಂದು ಎಮ್ಮೆಯನ್ನು ನುಗ್ಗಿಸಿದೆ. ತೆಳ್ಳಗಿನ ಪುಸ್ತಕ. ಸೋಮಾರಿ ಎಮ್ಮೆಯೊಂದು ಶಾಲೆಗೆ ಬಂದು ಮಾಸ್ತರರ ಹಾಜರಿ ಪುಸ್ತಕವನ್ನು ತಿಂದುಬಿಡುತ್ತದೆ, ಅಂದು ಯಾರು ಬಂದಿದ್ದರು, ಯಾರು ತಪ್ಪಿಸಿದ್ದರು ಎಂಬುದು ಯಾರಿಗೂ ತಿಳಿಯುವುದಿಲ್ಲ, ಕಡೆಗೆ ಎಮ್ಮೆ ಹೊಟ್ಟೆ ತುಂಬಿ, ಊರೇ ನಡುಗುವಂತೆ ಡೇಗಿ ಮಲಗುತ್ತದೆ. ಅದಕ್ಕೆ ಶಿಕ್ಷೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಆದರೆ ಕೊನೆಯ ಪುಟದ ಬುಡದಲ್ಲಿ ಪ್ರಕಾಶಕರು “ಕೈ ತೊಳೆದುಕೊಂಡು ಪುಸ್ತಕವನ್ನು ಮುಟ್ಟಿರಿ” ಎಂದು ಮುದ್ರಿಸಿದ್ದರು. ಹೆಡ್‌ಮಾಸ್ತರರು ಅಷ್ಟನ್ನೇ ಓದಿ, “ಸ್ವಚ್ಛತಾದ ಮ್ಯಾಲೆ ಐತಿ. ಛಲೋ ಆತು,” ಎಂದು ಸಹಿ ಹಾಕಿದರು. ನಾನು ಉಸಿರೆತ್ತದೆ ಖಾಕಿ ಹೊದಿಸಿ ನಲವತ್ತೊಂದು ಎಂದು ಬರೆದೆ.

ಇನ್ನು ರೇಣುಕಾಳ ವಿಷಯ ಹೇಳಬೇಕು. ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುವ ತಾಯಿಯ ಮಗಳು, ಐದನೆಯ ಇಯತ್ತೆ. ಓದುವ ಸರದಿ ಬಂದರೆ ಸಾಕು, ಅವಳ ಹೊಟ್ಟೆ ನೋಯುತ್ತಿತ್ತು. ಒಂದೊಂದೇ ಅಕ್ಷರ ಕೂಡಿಸುವಷ್ಟರಲ್ಲಿ ಹಿಂದಿನದು ಮರೆತು, ಕಣ್ಣಲ್ಲಿ ನೀರು ತುಂಬಿ ನಿಲ್ಲುತ್ತಿದ್ದಳು. ಐದನೆಯ ತರಗತಿಯಲ್ಲಿ ಓದಲಾರದ ಹುಡುಗಿಯರು ಏಳರ ಹೊತ್ತಿಗೆ ಶಾಲೆಯನ್ನೇ ಬಿಡುವುದನ್ನು ಕಂಡವಳು ನಾನು. ಈ ಹುಡುಗಿಯೂ ಹಾಗೆ ಕೈತಪ್ಪುತ್ತಾಳಲ್ಲ ಎಂದು ನಿಜವಾಗಿಯೂ ಹೆದರಿದ್ದೆ.

ಒಂದು ಶನಿವಾರ ಪುಸ್ತಕ ಹಂಚುವಾಗ ಅವಳು ಸಾಲಿನಲ್ಲಿದ್ದ ಸ್ವಚ್ಛ ಖಾಕಿಗಳನ್ನೆಲ್ಲ ದಾಟಿ ನಲವತ್ತೊಂದನ್ನೇ ಎಳೆದಳು. ಅದರ ಮೇಲೆ ಬಿಸಿಯೂಟದ ಸಾರು, ಶೇಂಗಾ ಚಟ್ನಿಯ ಎಣ್ಣೆ, ಯಾರದೋ ಹೆಬ್ಬೆರಳಿನ ಅರಿಷಿಣದ ಗುರುತು. “ಅದ್ಯಾಕವಾ, ಛಂದಂದು ತಗೋ,” ಎಂದೆ. ಅವಳು ನನ್ನ ದಡ್ಡತನಕ್ಕೆ ಮರುಗಿದವಳಂತೆ ನೋಡಿದಳು.

“ಯಾವುದು ಭಾಳ ಹೊಲಸಾಗಿರತೈತಿ, ಅದ ಭಾಳ ಛಲೋ ಇರತೈತ್ರಿ ಅಕ್ಕೋರ. ಎಲ್ಲಾರೂ ಹಂಗ ನೋಡಿ ತಗೋತಾರ್ರಿ.”

ಶಿವನೇ! ಸಮಿತಿ ಮಾಡಿ, ಸಭೆ ಕರೆದು, ಚಹಾ ಕುಡಿದು ನಾವು ಕಂಡುಕೊಳ್ಳಲಾರದ್ದನ್ನು ಈ ಮಕ್ಕಳು ಒಂದು ಎಣ್ಣೆ ಕಲೆಯಲ್ಲಿ ಕಂಡುಕೊಂಡಿದ್ದರು. ಖಾಕಿ ಹೊದಿಸಿ ಹೆಸರನ್ನು ಮುಚ್ಚಿದ್ದೆವು. ಓದಿದವರು ಅದರ ಮೇಲೆಯೇ ತಮ್ಮ ಮೆಚ್ಚುಗೆಯನ್ನು ಒತ್ತಿ ಹೋಗಿದ್ದರು. ರೇಣುಕಾ ಆ ಪುಸ್ತಕವನ್ನು ಮೂರು ವಾರ ಹಿಂತಿರುಗಿಸಲಿಲ್ಲ. ಎಮ್ಮೆ ಮುಂದೇನು ಮಾಡುತ್ತದೆಂಬ ಆತುರಕ್ಕೆ ಅಕ್ಷರಗಳು ತಾವಾಗಿ ಕೂಡಿಕೊಂಡವು. ದೀಪಾವಳಿಯ ಹೊತ್ತಿಗೆ ಬೇವಿನ ಮರದ ಕೆಳಗೆ ಸಣ್ಣ ಮಕ್ಕಳನ್ನು ಕೂಡಿಸಿಕೊಂಡು, ಡೇಗಿನ ಸಮೇತ, ಗಟ್ಟಿಯಾಗಿ ಓದುತ್ತಿದ್ದಳು. ನನಗಾದ ಸಂತೋಷವನ್ನು ಏನೆಂದು ಹೇಳಲಿ!

ಅಷ್ಟರಲ್ಲಿ ತಪಾಸಣೆಗೆ ಅಧಿಕಾರಿಗಳು ಬಂದರು. ಪುಸ್ತಕ ಹಂಚಿದ ವಹಿಯಲ್ಲಿ ಎಲ್ಲೆಲ್ಲೂ ತಾವು ಸ್ವಚ್ಛತೆಯದೆಂದು ಸಹಿ ಹಾಕಿದ್ದ ನಲವತ್ತೊಂದೇ ಇರುವುದನ್ನು ಕಂಡ ಹೆಡ್‌ಮಾಸ್ತರರು ಎದೆಯುಬ್ಬಿಸಿ, “ನಮ್ಮ ಮಕ್ಕಳಿಗೆ ಸ್ವಚ್ಛತಾ ಅಂದ್ರ ಪ್ರಾಣ ರೀ ಸಾಹೇಬ್ರ,” ಎಂದು, ಆಗ ಆ ಪುಸ್ತಕ ಒಯ್ದಿದ್ದ ರೇಣುಕಾಳನ್ನು ಕರೆಸಿದರು. ನಾನು ತಡೆಯಬೇಕೆಂದುಕೊಳ್ಳುವಷ್ಟರಲ್ಲಿ ಅವಳು ಬಂದೇಬಿಟ್ಟಿದ್ದಳು. ಅವಳು ಪುಸ್ತಕವನ್ನು ಎದೆಗವಚಿಕೊಂಡು ನಿಂತು ಇಡೀ ಕಥೆಯನ್ನು ತಪ್ಪಿಲ್ಲದೆ ಹೇಳಿದಳು, ಕೊನೆಗೆ ಡೇಗಿದಳು ಕೂಡ.

“ಈ ಕಥಿಯಿಂದ ನೀ ಏನ್ ಕಲಿತಿ?” ಎಂದರು ಅಧಿಕಾರಿಗಳು.

“ಎಮ್ಮಿಗೆ ಹಾಜರಿ ಪುಸ್ತಕ ಭಾಳ ಸೇರತೈತ್ರಿ.”

ಅಧಿಕಾರಿಗಳು ಮೊದಲು ಹೊಟ್ಟೆ ಹಿಡಿದು ನಕ್ಕರು, ಆಮೇಲೆ ತಾವು ಅಧಿಕಾರಿಗಳೆಂಬುದು ನೆನಪಾಗಿ ಹುಬ್ಬು ಗಂಟಿಕ್ಕಿದರು. “ಇದನ್ನ ಆರಿಸಿದವರು ಯಾರ್ರಿ?” ಹೆಡ್‌ಮಾಸ್ತರರು ಡ್ರಿಲ್ ಮಾಸ್ತರರನ್ನು ನೋಡಿದರು, ಡ್ರಿಲ್ ಮಾಸ್ತರರು ಫ್ಯಾನನ್ನು ನೋಡಿದರು. ನಾನು, ನಿಮ್ಮೆದುರು ಇಷ್ಟು ಶೂರತನದಿಂದ ಹರಟುತ್ತಿರುವ ನಾನು, “ಕಣ್ತಪ್ಪಿ ಬಂದದ್ರಿ ಸರ್. ಮಕ್ಕಳಿಗೆ ತಕ್ಕದ್ದಲ್ಲ, ತಗದುಬಿಡ್ತೀನಿ,” ಎಂದೆ. ರೇಣುಕಾ ನನ್ನ ಮುಖ ನೋಡಿದಳು. ಕದ್ದ ವಸ್ತುವನ್ನು ಒಪ್ಪಿಸುವವಳ ಹಾಗೆ ಪುಸ್ತಕವನ್ನು ಟೇಬಲ್ಲಿನ ಮೇಲಿಟ್ಟು ಹೊರಟುಹೋದಳು. ಆ ನೋಟ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮುಂದಿನ ಎರಡು ಶನಿವಾರ ಅವಳು ಪುಸ್ತಕ ಮುಟ್ಟಲಿಲ್ಲ. ಓದಲು ಎಬ್ಬಿಸಿದರೆ ಮತ್ತೆ ಹೊಟ್ಟೆನೋವು. ತಡೆಯಲಾಗಲಿಲ್ಲ. ಶಾಲೆ ಬಿಟ್ಟ ಮೇಲೆ ಒಬ್ಬಳೇ ಕೂತು ಹನ್ನೆರಡನೆಯ ನಂಬರಿನ ಮಹಾಪುರುಷರ ಖಾಕಿಯನ್ನು ಬಿಚ್ಚಿ ಎಮ್ಮೆಗೆ ಹೊದಿಸಿದೆ. ಬಿಚ್ಚಿದ ಮಹಾಪುರುಷರನ್ನು ಕಪಾಟಿನ ಹಿಂದೆ ವಿಶ್ರಾಂತಿಗೆ ಕಳಿಸಿದೆ, ಅವರೂ ಪಾಪ ದಣಿದಿದ್ದರು. ಮರುದಿನ ರೇಣುಕಾಳನ್ನು ಕರೆದು, “ಅವತ್ತು ನಾ ಅಂಜಿ ಸುಳ್ಳು ಹೇಳಿದೆ ನೋಡವಾ, ತಪ್ಪು ನಂದು. ಇದನ್ನ ಓದು,” ಎಂದು ಅದನ್ನು ಕೈಗಿತ್ತೆ. ಅವಳು ಒಲ್ಲದ ಮನಸ್ಸಿನಿಂದ ತೆರೆದಳು, ತಟ್ಟನೆ ಮುಚ್ಚಿದಳು, ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ, “ಈ ಮಹಾಪುರುಷರು ಭಾಳ ಛಲೋ ಅದಾರ್ರಿ ಅಕ್ಕೋರ,” ಎಂದಳು.

ವರ್ಷದ ಕೊನೆಗೆ ಹೆಡ್‌ಮಾಸ್ತರರು ವಹಿ ತಿರುವಿ ಹಿಗ್ಗಿದರು. “ನೋಡ್ರಿ ಅಕ್ಕೋರ, ಆ ಎಮ್ಮಿ ತಗದದ್ದ ಛಲೋ ಆತು. ಈಗ ಎಲ್ಲಾರೂ ಹನ್ನೆರಡು, ಹನ್ನೆರಡು ಅನ್ನಾಕತ್ತಾರ!” ಹೌದ್ರಿ ಸರ್, ಎಂದೆ. ರೇಣುಕಾ ಈಗ ಆರನೆಯ ಇಯತ್ತೆ, ದಪ್ಪ ಪುಸ್ತಕ ಕೇಳುತ್ತಾಳೆ.

ಮತ್ತೆ ಜೂನ್ ಬಂದಿದೆ. ಅಂಟು ಕಲಸಿಕೊಂಡು ಖಾಕಿ ಹೊದಿಸುತ್ತ ಕೂತಿದ್ದೇನೆ, ಪಕ್ಕದಲ್ಲಿ ಬುತ್ತಿಯ ಡಬ್ಬಿ ತೆರೆದಿದೆ. ಹೊಸ ಪುಸ್ತಕಗಳನ್ನು ಈ ಸಲ ಮೊದಲ ಪುಟದಿಂದ ಓದಿದ್ದೇನೆ. ನಗು ಬಂದದ್ದಕ್ಕೆ, ಕಣ್ಣು ಒದ್ದೆಯಾದದ್ದಕ್ಕೆ, ಮುಂದೇನೆಂದು ಒಲೆಯ ಮೇಲಿನ ಹಾಲು ಉಕ್ಕಿಸಿದ್ದಕ್ಕೆ, ರೊಟ್ಟಿ ಚಟ್ನಿ ತಿಂದ ಹೆಬ್ಬೆರಳನ್ನು ಹೊದಿಕೆಯ ಮೇಲೆ ಮೆಲ್ಲಗೆ ಒತ್ತಿ ಇಡುತ್ತಿದ್ದೇನೆ. ಕೈ ಮಾತ್ರ ತೊಳೆದುಕೊಂಡಿಲ್ಲ.