‘ಯಾ’ ಹಚ್ಚಾಕ ಬಾರದಂಥಾ ಹೆಸರು

ಬಸುರಿ ಮಗಳಿಗೆ ಈಗ ಏಳು ತಿಂಗಳು. ನಿನ್ನೆ ಅಳಿಯ ಮೊಬೈಲ್‌ನಾಗ ನೋಡಿ, ಹುಟ್ಟೋ ಕೂಸಿಗೆ ಹೆಸರು ಓದಾಕತ್ತಿದ್ದ. ‘ಆರವ್’ ಅಂದ. ನನ್ನ ಬಾಯಾಗ ತಾನ ಬಂತು, ‘ಆರವ್ಯಾ’.

ಮಗಳಿಗೆ ಸಿಟ್ಟು ಬಂತು. “ಯಾಕವ್ವಾ, ಹುಟ್ಟೂದ್ರೊಳಗ ಹೆಸರು ಕೆಡಸ್ತಿ?”

ಕೆಡಿಸಿದಾಕಿ ನಾನಲ್ಲ. ಇಂಡಿ ಕಡೆ ನಮ್ಮೂರಾಗ ನಮ್ಮಪ್ಪ ಭೀಮಪ್ಪಗ ಗೌಡ ‘ಯಾ’ ಹಚ್ಚಿ ‘ಏ ಭೀಮ್ಯಾ’ ಅಂತ ಹಗುರಾಗಿ ಕರೀತಿದ್ದ. ಅವನಕಿಂತ ಅಪ್ಪ ಹತ್ತು ವರ್ಷ ದೊಡ್ಡಾಂವ! ಅವ್ವ ನನ್ನ ತಮ್ಮನ್ನ ಬಸುರಿದ್ದಾಗ, ಆಕಿ ರೊಟ್ಟಿ ಬಡಿಯೂ ಮುಂದ ಅಪ್ಪ ಎದುರಿಗೆ ಕುಂತು ಒಂದೊಂದ ಹೆಸರು ಹೇಳಾಂವ.

“ಪರಶುರಾಮ?”

“ಪರಸ್ಯಾ ಅಂತಾರ.” ಅವ್ವನ ಕೈ ನಿಲ್ಲತಿರಲಿಲ್ಲ.

“ಮಲ್ಲಪ್ಪ?”

“ಮಲ್ಲ್ಯಾ.”

ಕಡೀಕ ಒಂದಿನ ಅಪ್ಪ ತೊಡಿ ತಟ್ಟಿ ನಕ್ಕ. “ಅಪ್ಪಾಸಾಹೇಬ! ಹ್ಯಾಂಗ ಕಡದ್ರೂ ಅಪ್ಪಾ ಅನ್ನಬೇಕು, ಇಲ್ಲಾ ಸಾಹೇಬ ಅನ್ನಬೇಕು.”

ತಮ್ಮ ನಡ್ಯಾಕ ಕಲಿತ ಮ್ಯಾಲ ಅಪ್ಪ ಅವನ್ನ ಗೌಡನ ಮುಂದ ಕರಕೊಂಡು ಹೋದ. ನಾನೂ ಹೋಗಿದ್ನಿ. ಹೆಸರು ಕೇಳಿ ಗೌಡ ಹೊಟ್ಟಿ ಹಿಡಕೊಂಡು ನಕ್ಕ. “ಬಾರಲೇ ಅಪ್ಯಾ” ಅಂದ. ಅಪ್ಪ ನೆಲ ನೋಡಿದ.

ನೆನಸಿದ್ರ ಇವತ್ತಿಗೂ ಮೈ ಉರೀತೈತಿ. ಊರ ಮಂದೀದೆಲ್ಲಾ ಹೆಸರು ಕಡದಾಂವನ ಹೆಸರು ಮಾತ್ರ ಯಾರೂ ಕಡೀಲಿಲ್ಲ.

ಇಷ್ಟೆಲ್ಲಾ ಕೇಳಿ ಮಗಳು ಕೇಳಿದಳು, “ಆ ಗೌಡನ ಹೆಸರೇನವ್ವಾ?”

“ಶಂಕರಗೌಡ್ರು” ಅನ್ನಾಕ ಬಾಯಿ ತಗದ್ನಿ. ಥಟ್ಟನ ನಿಂತ್ನಿ. ಆಮ್ಯಾಲ ಓಣಿಗೆಲ್ಲಾ ಕೇಳೂವಂಗ ಅಂದ್ನಿ:

“ಶಂಕ್ರ್ಯಾ!”