ಶೇಖಪ್ಪ ತಟ್ಟದೆ ಬಿಟ್ಟ ಕಂಬಗಳು

ಗದಗಿನ ಕಡೆಯ ಶೇಖಪ್ಪನ ಕೈಗೇ ಕಿವಿ ಇದೆ ಅಂತ ಸ್ಯಾನ್ ಡಿಯಾಗೋ ಹತ್ತಿರದ ಪೊವೇಯ ಆಫೀಸಿನಲ್ಲಿ ಮಾತಿತ್ತು. ಕಟ್ಟಿಗೆಯ ಕಂಬಕ್ಕೆ ಸುತ್ತಿಗೆಯಿಂದ ಒಂದೇಟು ಹಾಕಿದರೆ ಸಾಕು, ಒಳಗೆ ಗಟ್ಟಿಯೋ ಪೊಳ್ಳೋ ಹೇಳಿಬಿಡುತ್ತಿದ್ದ. ಗಟ್ಟಿ ಕಂಬ ಠಣ್ ಅನ್ನುತ್ತದೆ. ಕಡಲ ಹುಳ ತಿಂದದ್ದು, ಒದ್ದೆ ಮೂಟೆಗೆ ಗುದ್ದಿದ ಹಾಗೆ, ದಬ್ ಅನ್ನುತ್ತದೆ. ಸೇತುವೆ, ಧಕ್ಕೆ, ಕಡಲೊಳಕ್ಕೆ ಚಾಚಿದ ಹಳೇ ಪಿಯರ್, ಇಂಥವುಗಳ ಕಾಲು ತಪಾಸಣೆ ಮಾಡುವುದೇ ಅವನ ನೌಕರಿ. ಯಂತ್ರ ಇರಲಿಲ್ಲ ಅಂತಲ್ಲ. ಯಂತ್ರ ಹೇಳಿದ ಮೇಲೂ ಬಾಸ್ ಇವನ ಮುಖ ನೋಡುತ್ತಿದ್ದ.

ಅಂಥವನು ಮೂವತ್ತೆಂಟು ಕಂಬ ಕೊಳೆತಿವೆ ಅಂತ ಮುಟ್ಟದೆಯೇ ಬರೆದ.

2001ರ ನವೆಂಬರ್, ಒಂದು ಶನಿವಾರ. ಲಾಸ್ ಏಂಜಲಿಸ್‌ಗೂ ಸ್ಯಾನ್ ಡಿಯಾಗೋಗೂ ನಡುವೆ ಸ್ಯಾನ್ ಲುಕಾಸ್ ಬೀಚ್ ಅಂತ ಒಂದು ಸಣ್ಣ ಊರು. ಆ ಊರಿಗೆ ಎಂಬತ್ತು ವರ್ಷ ಹಳೆಯ ಪಿಯರ್. ಅದರ ಮೇಲೆ ಮರದ ಕುದುರೆಗಳ ಮೆರ್ರಿ-ಗೋ-ರೌಂಡ್, ಒಂದು ಸಣ್ಣ ಜೈಂಟ್ ವ್ಹೀಲ್, ಗುರಿ ಹೊಡೆಯುವ ಅಂಗಡಿ, ಮೀನಿನ ಗಾಳಕ್ಕೆ ಹುಳ ಮಾರುವವರು, ತಿಂಡಿಯ ಡಬ್ಬಿಯಂಗಡಿಗಳು. ಕೆಳಗೆ ನೂರಾ ಎರಡು ಕಂಬ. ದಡದ ಕಡೆಯ ಅರವತ್ತನಾಲ್ಕನ್ನು ಶೇಖಪ್ಪ ತಟ್ಟಿ ಮುಗಿಸಿದ್ದ. ಹತ್ತಿಪ್ಪತ್ತು ಕೆಟ್ಟಿದ್ದವು. ಉಳಿದವು ನೀರಿನ ಕಡೆಯವು. ಹುಳ ಮೇಯುವುದು ಉಬ್ಬರ ಇಳಿತಗಳ ನಡುವಿನ ಜಾಗದಲ್ಲಿ, ಹಾಗಾಗಿ ನೀರು ಪೂರ್ತಿ ಇಳಿದ ಮೇಲೆ ದೋಣಿಯಲ್ಲಿ ಕೂತೇ ಅವನ್ನು ನೋಡಬೇಕು. ಅವತ್ತು ಇಳಿತ ಮಧ್ಯಾಹ್ನ ಮೂರೂಮುಕ್ಕಾಲಿಗೆ.

ಐದಕ್ಕೆ ಲಾಸ್ ಏಂಜಲಿಸ್‌ನಲ್ಲಿ ರಾಜ್ಯೋತ್ಸವ. ಶೇಖಪ್ಪನ ಗೀಗೀ ಪದ. ದಪ್ಪು ಹಿಡಿದು ಮುಂದೆ ನಿಂತು ಹಾಡುವವನು ಇವನೇ. ಹಿಂದೆ ‘ಗೀಯ ಗೀಯ’ ಅಂತ ಸೊಲ್ಲು ಹಿಡಿಯಲು ಇಬ್ಬರು. ಮುಂದಿನವನೇ ಇಲ್ಲದಿದ್ದರೆ ಹಿಂದಿನವರು ಯಾರಿಗೆ ಸೊಲ್ಲು ಹಿಡಿಯಬೇಕು? ಮೂರು ಗಂಟೆಗೆ ಹೆಂಡತಿ ಮಲ್ಲವ್ವನ ಫೋನು: “ಎಲ್ಲದೀರಿ? ಪಟಗಾ ಸುತ್ತೋದು ಯಾವಾಗ? ಟ್ರಾಫಿಕ್ ನೋಡೀರೇನು?”

ಶೇಖಪ್ಪ ದೋಣಿ ವಾಪಸ್ ಕಳಿಸಿದ. ಕಾರಿನ ಬಾನೆಟ್ ಮೇಲೆ ಹಾಳೆ ಇಟ್ಟುಕೊಂಡು, ದಡದ ಕಡೆಯ ಅತಿ ಕೆಟ್ಟ ಕಂಬಕ್ಕೆ ಕೊಟ್ಟ ಅಂಕವನ್ನೇ ಮೂವತ್ತೆಂಟು ಸಾಲಿಗೂ ಇಳಿಸಿದ. ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡ: ಕೆಟ್ಟದ್ದನ್ನು ಒಳ್ಳೇದು ಅಂದರೆ ಜನ ಸಾಯ್ತಾರ. ಒಳ್ಳೇದನ್ನು ಕೆಟ್ಟದ್ದು ಅಂದರೆ ಯಾರೂ ಸಾಯಂಗಿಲ್ಲ. ಆ ಕಸುಬಿನಲ್ಲಿ ಎಲ್ಲರೂ ಹೇಳುವ ಮಾತೇ ಅದು. ಸಂಜೆ ಪದ ಭರ್ಜರಿಯಾಯಿತು. ಶಾಲು ಹೊದಿಸಿದರು. ಹೋಳಿಗೆ ಮೂರು ತಿಂದ.

ಜನವರಿಯಲ್ಲಿ ಊರಿನ ಆಡಳಿತ ಪಿಯರ್‌ಗೆ ತಂತಿಬೇಲಿ ಹಾಕಿತು. ನೂರರಲ್ಲಿ ಅರ್ಧಕ್ಕರ್ಧ ಕಂಬ ಹೋದ ಮೇಲೆ ರಿಪೇರಿಗೆ ದುಡ್ಡಿಲ್ಲ, ಕೆಡವುವುದೇ ವಾಸಿ ಅಂದರು. ಶೇಖಪ್ಪನಿಗೆ ಅದು ಗೊತ್ತೂ ಆಗಲಿಲ್ಲ. ವರದಿಯ ಮೇಲಿದ್ದದ್ದು ಬಾಸಿನ ಸಹಿ. ಒಳಗಿನ ಹಾಳೆಯ ಮೂಲೆಯಲ್ಲಿ ಮಾತ್ರ ಇವನ ಹೆಸರಿನ ಎರಡು ಅಕ್ಷರ. ಅದೇ ವರ್ಷ ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯ ಅಪಾರ್ಟ್‌ಮೆಂಟ್ ಬಿಟ್ಟು ಕಾರ್ಮೆಲ್ ವ್ಯಾಲಿಯಲ್ಲಿ ಮನೆ ಕೊಂಡ.

ಗೊತ್ತಾದದ್ದು 2005ರಲ್ಲಿ. ಲಾಸ್ ಏಂಜಲಿಸ್ ಪಕ್ಕದ ಆರ್ಟೀಷಿಯಾದ ಇಂಡಿಯನ್ ದಿನಸಿ ಅಂಗಡಿಯಲ್ಲಿ ಜೋಳದ ಹಿಟ್ಟು ತೂಗಿಸುತ್ತಿದ್ದಾಗ ಗೋಡೆಯ ಮೇಲೊಂದು ಕರಪತ್ರ. ಕನ್ನಡದ ಕೈಬರಹ. “ಸ್ಯಾನ್ ಲುಕಾಸ್ ಬೀಚಿನ ನಮ್ಮ ಪಿಯರ್ ಕೆಡವುವ ಮೊದಲು ನಾವೇ ಕೊಳ್ಳೋಣ. ಒಂದು ಷೇರು ನೂರು ಡಾಲರ್. ಎಷ್ಟೇ ಷೇರು ಕೊಂಡರೂ ಒಬ್ಬರಿಗೆ ಒಂದೇ ವೋಟು. ಮೂವತ್ತೆಂಟು ಕಂಬ ಕೊಳೆತಿವೆ ಅಂತ ಯಾರೋ ಎಂಜಿನಿಯರ್ ಬರೆದಿದ್ದಾನೆ. ಇರಲಿ, ಹೊಸವು ಹಾಕೋಣ.” ಕೆಳಗೆ ರಹಮತುಲ್ಲಾ, ಮೈಸೂರು, ಅಂತ ಹೆಸರು, ಫೋನ್ ನಂಬರ್.

ಮೂವತ್ತೆಂಟು ಅನ್ನುವುದನ್ನು ಶೇಖಪ್ಪ ನಾಲ್ಕು ಸಲ ಓದಿದ. ಹಿಟ್ಟು ಅಲ್ಲೇ ಮರೆತು ಬಂದ.

ಮುಂದಿನ ಭಾನುವಾರ, ಪಿಯರ್ ಕೊಳ್ಳಲು ಕಟ್ಟಿದ್ದ ಸಂಘದ ಸಭೆಗೆ ಹೋದ. ಹೇಳಿಬಿಡಬೇಕು ಅಂತಲೇ ಹೋದದ್ದು. ಆದರೆ ಸಂಘದ ಅಧ್ಯಕ್ಷೆ ಡೊಲೊರೆಸ್, ನಲವತ್ತು ವರ್ಷ ಪಿಯರ್ ಮೇಲೆ ಗಾಳದ ಹುಳ ಮಾರಿದ ಮುದುಕಿ, “ನೀನು ಯಾರಪ್ಪ?” ಅಂದಾಗ ಬಾಯಿಂದ ಬಂದದ್ದು ಇಷ್ಟೇ: “ಕಂಬದ ಕೆಲಸ ಬಲ್ಲೆ.” ಜನ ಚಪ್ಪಾಳೆ ಹೊಡೆದರು! ಪುಕ್ಕಟೆ ಎಂಜಿನಿಯರ್ ಸಿಕ್ಕಿದ ಅಂತ ರಹಮತುಲ್ಲಾ ಎದ್ದು ಬಂದು ಅಪ್ಪಿಕೊಂಡ. “ಕನ್ನಡದೋರು! ಎಲ್ಲಿಯೋರು ಸ್ವಾಮಿ? ಗದಗಾ? ಹಂಗಾದ್ರೆ ಖಾರ ಜಾಸ್ತಿ ತಿಂತೀರಿ. ನಡೀರಿ ಮನೆಗೆ.”

ರಹಮತುಲ್ಲಾನಿಗೆ ಪಿಯರ್ ಮೇಲೆ ಮೆಕ್ಕೆಜೋಳ, ಮಸಾಲೆ ಕಡಲೆಕಾಯಿಯ ಅಂಗಡಿ ಇತ್ತು. 2001ರ ಸೆಪ್ಟೆಂಬರಿನಲ್ಲಿ ಆ ಜೋಡಿ ಗೋಪುರಗಳು ಉರುಳಿದ ಮೇಲೆ ಯಾರೋ ಅಂಗಡಿಯ ಹೆಸರಿನ ಮೇಲೆ ಬಣ್ಣ ಚೆಲ್ಲಿ ಬೈಗುಳ ಬರೆದು ಹೋದರು. ಮರುದಿನ ಡೊಲೊರೆಸ್, ಮೀನು ಹಿಡಿಯುವ ಮುದುಕರು, ಮೆರ್ರಿ-ಗೋ-ರೌಂಡ್ ನಡೆಸುವವನು, ಎಲ್ಲರೂ ಕುರ್ಚಿ ತಂದು ಅಂಗಡಿಯ ಮುಂದೆ ಕೂತರು. ಮೂರು ವಾರ ಹಾಗೇ ಕೂತರು. ಧಿಕ್ಕಾರ ಇಲ್ಲ, ಬ್ಯಾನರ್ ಇಲ್ಲ, ಬರೀ ಕೂತು ಮೆಕ್ಕೆಜೋಳ ತಿಂದರು. ಅದಾದ ಮೂರೇ ತಿಂಗಳಿಗೆ ಬೇಲಿ ಬಿತ್ತು. ಆಮೇಲೆ ಅವನು ಲಾಸ್ ಏಂಜಲಿಸ್ ಏರ್‌ಪೋರ್ಟಿಗೆ ವ್ಯಾನ್ ಓಡಿಸತೊಡಗಿದ. ದಿನಕ್ಕೆ ಹದಿನಾಲ್ಕು ತಾಸು. ಹೆಂಡತಿ ಕನೀಜ್ ಫಾತಿಮಾ ಬೇರೆಯವರ ಮನೆಯ ಪರದೆ ಹೊಲಿಯಲು ಕೂತಳು.

ಆ ಮನೆಯಲ್ಲಿ ಶೇಖಪ್ಪ ಒಂದೂವರೆ ವರ್ಷ ಉಂಡ. ಇವನು ಲಿಂಗಾಯತ, ಮಾಂಸ ಮುಟ್ಟುವುದಿಲ್ಲ ಅಂತ ತಿಳಿದ ದಿನವೇ ಕನೀಜ್ ಫಾತಿಮಾ ಹೊಸ ಬಾಣಲೆ, ಹೊಸ ಸೌಟು ತಂದಳು. ಗುರುತಿಗೆ ಹಿಡಿಗೆ ಹಸಿರು ದಾರ ಕಟ್ಟಿದಳು. “ಇದು ಅಣ್ಣನ ಬಾಣಲೆ, ಇದರಲ್ಲಿ ಮೊಟ್ಟೇನೂ ಮಾಡಲ್ಲ,” ಅಂತ ಬಂದವರಿಗೆಲ್ಲ ತೋರಿಸುತ್ತಿದ್ದಳು. ಅದರ ಬದನೆಕಾಯಿ ಪಲ್ಯವನ್ನು ಶೇಖಪ್ಪ ನೀರು ಕುಡಿದು ನೂಕುತ್ತಿದ್ದ. ಉಂಡ ಮನೆಗೆ ಎರಡು ಬಗೆದವರ ಕತೆ ಕೇಳಿದ್ದ. ಇವನದು ತಿರುಗುಮುರುಗು. ಮೊದಲು ಬಗೆದು ಆಮೇಲೆ ಉಣ್ಣಲು ಬಂದಿದ್ದ.

ಪಾಪ ತೀರಿಸುವವನ ಹಾಗೆ ಕೆಲಸ ಮಾಡಿದ. ಹಲಗೆ ಕಿತ್ತ, ಬೋಲ್ಟ್ ಬಿಗಿದ, ಅರ್ಜಿ ಬರೆದ, ಕಾರ್ಮೆಲ್ ವ್ಯಾಲಿಯ ಗೆಳೆಯರಿಗೆಲ್ಲ ಷೇರು ಮಾರಿದ, ತಾನೂ ಒಂದು ಕೊಂಡ. ಜನ ಹೊಗಳಿದಷ್ಟೂ ಮೈ ಉರಿಯುತ್ತಿತ್ತು. ಕೆಲಸ ಮಾಡಿದರೆ ತಪ್ಪು ಸವೆಯುತ್ತದೆ ಅಂದುಕೊಂಡಿದ್ದ. ತಪ್ಪೇನು ಚಪ್ಪಲಿಯೇ, ಸವೆಯಲು?

ಒಂಬೈನೂರು ಜನ ಷೇರುದಾರರಾದರು. 2006ರ ನವೆಂಬರಿನಲ್ಲಿ ಊರಿನ ಆಡಳಿತ ಷರತ್ತು ಹಾಕಿತು. ಪಿಯರ್ ಸಂಘಕ್ಕೆ ಕೊಡುತ್ತೇವೆ, ಆದರೆ ವರದಿಯಲ್ಲಿರುವ ಕೆಟ್ಟ ಕಂಬಗಳನ್ನೆಲ್ಲ ಮೊದಲು ಬದಲಿಸಿ. ಸಂಘದ ಹಣ ದಡದ ಕಡೆಯವಕ್ಕೆ ಸಾಕು. ನೀರಿನ ಕಡೆಯ ಮೂವತ್ತೆಂಟಕ್ಕೆ ದಾರಿ ಒಂದೇ, ಮೆರ್ರಿ-ಗೋ-ರೌಂಡಿನ ಕುದುರೆ ಮಾರುವುದು. ಹಳೇ ಕುದುರೆ ಸಂಗ್ರಹಿಸುವ ಒಬ್ಬ ಶ್ರೀಮಂತ ಆಗಲೇ ಬಂದು ಹಲ್ಲು ಮುಟ್ಟಿ ನೋಡಿ ಹೋಗಿದ್ದ. ಎರಡು ವಾರಕ್ಕೆ ಸಭೆ, ಮತದಾನ.

“ಇನ್ನೊಮ್ಮೆ ತಪಾಸಣೆ ಮಾಡಿಸೋಣ,” ಅಂದ ಶೇಖಪ್ಪ.

“ಆಡಳಿತದವರನ್ನು ಕೇಳಿದೆ,” ಅಂದಳು ಡೊಲೊರೆಸ್. “ಹಳೇ ವರದಿ ತಪ್ಪು ಅಂತ ಆಧಾರ ಇದ್ದರೆ ಮಾತ್ರ ಅಂತೆ. ನಮ್ಮ ಹತ್ತಿರ ಎಲ್ಲಿದೆ ಆಧಾರ?”

ಆಧಾರ ಅವಳ ಎದುರಿನ ಕುರ್ಚಿಯಲ್ಲೇ ಕೂತು ಚಹಾ ಕುಡಿಯುತ್ತಿತ್ತು.

ಮನೆಗೆ ಬಂದು ಮಲ್ಲವ್ವನಿಗೆ ಹೇಳಿದ. ಐದು ವರ್ಷದಲ್ಲಿ ಮೊದಲ ಸಲ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಗೀಗೀ ಪದಾ ಹಾಡಾಕ ಬಾಯಿ ಇತ್ತು. ಇದನ್ನ ಹೇಳಾಕ ಬಾಯಿಗೆ ಏನಾಗೇತಿ?”

“ನೌಕರಿ ಹೋಗತೈತಿ ಮಲ್ಲವ್ವಾ. ಲೈಸೆನ್ಸ್ ಹೋಗತೈತಿ. ಮನಿ ಕಂತು ಕಟ್ಟೋದು ಹೆಂಗ?”

“ಅವರ ಅಂಗಡಿ ಹೋದಾಗ ಅವರು ಹೆಂಗ ಕಟ್ಟಿದರಂತ ಕೇಳೀರೇನು?”

ಮೇಜಿನ ಆ ಕಡೆ ಓದುತ್ತ ಕೂತ ಮಗಳು ರಕ್ಷಿತಾ ತಲೆ ಎತ್ತದೆ ಅಂದಳು: “ಡ್ಯಾಡ್, ಜಸ್ಟ್ ಟೆಲ್ ದೆಮ್.”

ಭಾನುವಾರ ಮಧ್ಯಾಹ್ನ ರಹಮತುಲ್ಲಾನ ಮನೆಗೆ ಹೋದ. ತಟ್ಟೆ ಹಾಕಿದ್ದರು. ಶೇಖಪ್ಪ ಕೂರಲಿಲ್ಲ. “ಭಾಯ್, ಆ ವರದಿ ಬರೆದಾಂವ ನಾನರೀ.”

ರಹಮತುಲ್ಲಾ ನಕ್ಕ. “ಏನು ತಮಾಷೆ ಮಾಡ್ತೀರ್ರೀ. ಕೂತ್ಕೊಳ್ಳಿ.”

“ನಾನ ಬರೆದದ್ದು. ಮೂವತ್ತೆಂಟನ್ನೂ ಮುಟ್ಟಲಿಲ್ಲ.”

“ಒಂದನ್ನೂ?”

“ಒಂದನ್ನೂ.”

“ಯಾಕೆ? ಹುಷಾರಿರಲಿಲ್ವಾ? ಯಾರಾದ್ರೂ ಹೇಳಿ ಮಾಡಿಸಿದ್ರಾ? ದುಡ್ಡು ಕೊಟ್ರಾ?” ಪಾಪ, ಆ ಮನುಷ್ಯ ತಾನೇ ಒಂದೊಂದು ನೆಪ ಎತ್ತಿ ಕೊಡುತ್ತಿದ್ದ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಲಿ ಅಂತ.

“ರಾಜ್ಯೋತ್ಸವ ಇತ್ರಿ. ಗೀಗೀ ಪದ ಹಾಡಬೇಕಿತ್ತು.”

ರಹಮತುಲ್ಲಾ ತನ್ನ ತಟ್ಟೆ ಪಕ್ಕಕ್ಕೆ ಸರಿಸಿದ. “ನನ್ನ ಹೆಸರು ನೋಡಿ ಮುಚ್ಚಿಸಿದರು ಅಂದ್ಕೊಂಡಿದ್ದೆ ಕಣ್ರೀ. ಯಾರಿಗೂ ಹೇಳಿರಲಿಲ್ಲ. ನನ್ನಿಂದ ಡೊಲೊರೆಸ್‌ಗೂ ಹೋಯ್ತು, ಆ ಮುದುಕರಿಗೂ ಹೋಯ್ತು ಅಂತ ಐದು ವರ್ಷ ಒಳಗೇ ಬೆಂದಿದೀನಿ. ಅದಕ್ಕೇ ಈ ಸಂಘ ಕಟ್ಟಿದ್ದು. ಈಗ ನೋಡಿದ್ರೆ ಹಾಡಂತೆ.”

ಇದು ಶೇಖಪ್ಪನ ಲೆಕ್ಕದಲ್ಲೇ ಇರಲಿಲ್ಲ. ಅಂಗಡಿ ಹೋಯಿತು, ದುಡಿಮೆ ಹೋಯಿತು ಅನ್ನುವುದನ್ನೆಲ್ಲ ಎಣಿಸಿದ್ದ. ತನ್ನ ತಪ್ಪನ್ನು ಇನ್ನೊಬ್ಬ ತನ್ನದು ಅಂತ ಹೊತ್ತು ತಿರುಗಿದ್ದನ್ನು ಎಣಿಸಿರಲಿಲ್ಲ. ಕ್ಷಮಿಸಿ ಅನ್ನುವ ಮಾತು ಆ ಕೋಣೆಯಲ್ಲಿ ತೀರಾ ಸಣ್ಣದು ಅನ್ನಿಸಿತು.

“ಉಣ್ಣೋದಕ್ಕೆ ಮುಂಚೆ ಹೇಳಿದ್ರಲ್ಲ ಅಣ್ಣ,” ಅಂದಳು ಕನೀಜ್ ಫಾತಿಮಾ, “ಅಷ್ಟು ಮರ್ಯಾದೆ ಉಳಿಸಿಕೊಂಡ್ರಿ.” ತಟ್ಟೆ ಒಳಗೆ ತೆಗೆದುಕೊಂಡು ಹೋದಳು.

ಬಾಗಿಲ ಹತ್ತಿರ ರಹಮತುಲ್ಲಾ ಹೇಳಿದ: “ಪಿಯರ್‌ಗೆ ಬರಬೇಡಿ ಅನ್ನೋಕೆ ನನಗೆ ಹಕ್ಕಿಲ್ಲ. ನಿಮ್ಮದೂ ಷೇರಿದೆ. ಮನೆಗೆ ಬರಬೇಡಿ.”

ಸೋಮವಾರ ಶೇಖಪ್ಪ ಊರಿನ ಆಡಳಿತಕ್ಕೆ, ಲೈಸೆನ್ಸ್ ಮಂಡಳಿಗೆ, ಬಾಸಿಗೆ ಒಂದೇ ಕಾಗದದ ಮೂರು ಪ್ರತಿ ಕಳಿಸಿದ. ಬುಧವಾರ ಪೆಟ್ಟಿಗೆ ಕಟ್ಟಿಕೊಂಡು ಆಫೀಸಿನಿಂದ ಹೊರಬಿದ್ದ. ಲೈಸೆನ್ಸ್ ಎರಡು ವರ್ಷ ಅಮಾನತಾಯಿತು. ಮಲ್ಲವ್ವ ಶಾಲೆಯೊಂದರ ಅಡುಗೆಮನೆಗೆ ಸೇರಿದಳು. ಇವನು ಕಟ್ಟಿಗೆ ಅಡ್ಡೆಯಲ್ಲಿ ಹಲಗೆ ಅಳೆಯಲು ನಿಂತ. ಕುದುರೆ ಮಾರುವ ಮತದಾನ ಮುಂದಕ್ಕೆ ಹೋಯಿತು. ಸಂಘದವರಲ್ಲಿ ಕೆಲವರು ಮುಖದ ಮೇಲೆ ಬೈದರು, ಕೆಲವರು ಮುಖ ತಿರುಗಿಸಿದರು. ಬೈದವರೇ ಎಷ್ಟೋ ವಾಸಿ ಅನ್ನಿಸಿತು.

ಜನವರಿಯ ಇಳಿತದ ಮಧ್ಯಾಹ್ನ ಮರುತಪಾಸಣೆ. ಬೇರೆ ಕಂಪನಿಯ ಎಂಜಿನಿಯರಮ್ಮ ಸುತ್ತಿಗೆ ಹಿಡಿದಿದ್ದಳು. ರಹಮತುಲ್ಲಾ ಹಠ ಹಿಡಿದು ಶೇಖಪ್ಪನನ್ನೂ ದೋಣಿ ಹತ್ತಿಸಿದ್ದ: “ಎಲ್ಲಿಂದ ಓಡಿಹೋದರೋ ಅಲ್ಲೇ ಕೂತು ಕೇಳಲಿ.” ಮೇಲೆ, ಅವತ್ತಿನ ಮಟ್ಟಿಗೆ ಅಪ್ಪಣೆ ಪಡೆದು ಬೇಲಿ ದಾಟಿದ ಹತ್ತಾರು ಜನ ಪಿಯರ್ ಹಲಗೆಗಳ ಸಂದಿಗೆ ಕಿವಿಗೊಟ್ಟು ಮಲಗಿದ್ದರು.

ಶೇಖಪ್ಪನ ಮನಸ್ಸು ಏನು ಬೇಡಿತು ಅಂತ ಹೇಳಲೇಬೇಕು. ಕಂಬ ಕೊಳೆತಿರಲಿ ಅಂತ ಬೇಡಿತು. ಕೊಳೆತಿದ್ದರೆ ನೋಡದೆ ಬರೆದದ್ದೂ ನಿಜವಾಗುತ್ತದೆ, ಐದು ವರ್ಷದ ನಷ್ಟ ಹೇಗೂ ಆಗುವುದೇ ಆಗಿತ್ತು ಅನ್ನಬಹುದು. ಬೇಲಿ ತೆಗೆಸಲು ಒಂದೂವರೆ ವರ್ಷ ಬೆವರು ಸುರಿಸಿದವನೇ ಆ ದೋಣಿಯಲ್ಲಿ ಕೂತು ಹುಳಗಳಿಗೆ ಹರಕೆ ಹೊತ್ತ.

ಮೊದಲ ಕಂಬ ಠಣ್ ಅಂದಿತು. ಮೇಲೆ ಜನ ಕೂಗಿದರು. ಎರಡನೆಯದು ಠಣ್. ಮೂರನೆಯದೂ ಠಣ್. ಒಂದೊಂದು ಕಂಬ ಗಟ್ಟಿ ಅಂದಾಗಲೂ ಶೇಖಪ್ಪನ ತಲೆ ಒಂದೊಂದು ಬೆರಳು ಕೆಳಗಿಳಿಯಿತು. ಹನ್ನೊಂದನೆಯದು ದಬ್ ಅಂದಾಗ ಮೇಲೆ ಎಲ್ಲರೂ ಅಯ್ಯೋ ಅಂದರು, ಇವನ ಎದೆ ಹಗುರಾಯಿತು. ಹಗುರಾದದ್ದಕ್ಕೆ ತನ್ನ ಮೇಲೇ ಹೇಸಿಕೆ ಬಂತು. ರಹಮತುಲ್ಲಾ ಇವನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಅರ್ಥವಾಗಿತ್ತು.

ಮೂವತ್ತೆಂಟರಲ್ಲಿ ಕೆಟ್ಟಿದ್ದವು ಐದು.

ಕುದುರೆ ಮಾರುವುದು ತಪ್ಪಿತು. 2008ರ ಮೇ ತಿಂಗಳಲ್ಲಿ ಪಿಯರ್ ತೆರೆಯಿತು. ಮೆಕ್ಕೆಜೋಳದ ಅಂಗಡಿಯೂ ತೆರೆಯಿತು. ಶೇಖಪ್ಪ ಅವತ್ತು ಹೋಗಲಿಲ್ಲ, ಮಲ್ಲವ್ವ, ರಕ್ಷಿತಾ ಹೋಗಿ ಬಂದರು. ಹೇಗಿತ್ತು ಅಂತ ಕೇಳಲು ಧೈರ್ಯ ಬರಲಿಲ್ಲ.

ಆ ಅಕ್ಟೋಬರಿನ ವಾರ್ಷಿಕ ಸಭೆಗೆ ಹೋದ, ಕೊನೆಯ ಸಾಲಿನಲ್ಲಿ ಕೂತ. ಅಧಿಕೃತ ತಪಾಸಣೆ ಮೂರು ವರ್ಷಕ್ಕೊಮ್ಮೆ. ನಡುವೆ ತಿಂಗಳಿಗೊಂದು ಸಲ ಇಳಿತದಲ್ಲಿ ಕಂಬ ತಟ್ಟಿ ನೋಡಲು ಸಂಘದವರೇ ಒಬ್ಬರು ಬೇಕಿತ್ತು. ಸಂಬಳ ಇಲ್ಲ. ಡೊಲೊರೆಸ್ ಕನ್ನಡಕ ಏರಿಸಿ, “ಶೇಖಪ್ಪ,” ಅಂದಳು. “ಅವನಷ್ಟು ಚೆನ್ನಾಗಿ ತಟ್ಟುವವರು ಬೇರೆ ಯಾರೂ ಇಲ್ಲ. ತಟ್ಟಿದರೆ.”

ಜನ ನಕ್ಕರು. ಎಲ್ಲರೂ ಅಲ್ಲ.

ರಹಮತುಲ್ಲಾ ಎದ್ದ. ಎರಡು ವರ್ಷದಲ್ಲಿ ಶೇಖಪ್ಪನ ಜೊತೆ ಒಂದು ಮಾತೂ ಆಡಿರಲಿಲ್ಲ. “ಬರ್ಕೊಳ್ಳಿ, ಜೊತೆಗೆ ನಾನೂ ದೋಣಿಯಲ್ಲಿ ಹೋಗ್ತೀನಿ. ಪ್ರತಿ ತಿಂಗಳೂ. ನಂಬಿಕೆ ಬಂತು ಅಂತ ತಿಳ್ಕೋಬೇಡಿ. ನೂರಾ ಎರಡೂ ಎಣಿಸೋಕೆ.”

ಡೊಲೊರೆಸ್ ಕೈ ಎತ್ತಲು ಹೇಳಿದಳು. ಕೈಗಳು ಎದ್ದವು, ಕೆಲವು ಏಳಲಿಲ್ಲ. ತನ್ನ ಬಗ್ಗೆಯೇ ತಾನು ವೋಟು ಹಾಕುವುದು ಸರಿಯೋ ತಪ್ಪೋ ತಿಳಿಯದೆ ಶೇಖಪ್ಪನ ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು.

ರಹಮತುಲ್ಲಾ ತಿರುಗಿ ನೋಡಿದ. “ನಿಮಗೂ ಒಂದು ವೋಟಿದೆ ಸ್ವಾಮಿ. ಎತ್ತಿ, ಇಲ್ಲಾ ಇಳಿಸಿ. ಅರ್ಧಕ್ಕೆ ಬಿಡಬೇಡಿ.”

ಶೇಖಪ್ಪ ಕೈ ಎತ್ತಿದ.